ಬೀಗ ಯಾರದಾದರೂ ಆಗಲಿ, ಕೀಲಿಕೈ ನಮ್ಮದಿರಲಿ



ಸ್ಮರಣ ಸಂಚಿಕೆ ಎಂದರೆ ಹಬ್ಬ-ಹರಿದಿನ, ಹಾಡು-ಹಸೆ, ಅಡಿಗೆ, ಊರಿನ ನೆನಪು... ಇವುಗಳಿಗೇ ಹೆಚ್ಚು ಜಾಗ. ಅದು ಸರಿಯೇ. ಈ ಬಾರಿ ಮಾತ್ರ ಕೆಲವು ಪುಟಗಳನ್ನು ನಮ್ಮೆಲ್ಲರ ಮನೆಯ ಮೂಲೆಯಲ್ಲಿ ಕುಳಿತಿರುವ ಗಣಕಯಂತ್ರಕ್ಕೆ ಮೀಸಲಿಡೋಣ. ಗಾಬರಿ ಬೇಡ, ಇದು ತಂತ್ರಜ್ಞರಿಗೆಂದು ಬರೆದ ಪಾಠವಲ್ಲ. ಸಾಫ್ಟ್‌ವೇರ್ ಕೆಲಸಕ್ಕಾಗಿಯೇ ಜರ್ಮನಿಗೆ ಬಂದವರು ನಮ್ಮಲ್ಲಿ ಬಹಳ ಮಂದಿ. ಅವರಿಗೆ ಇಲ್ಲಿನ ಕೆಲವು ಮಾತು ಗೊತ್ತಿರುವುದೇ ಅನ್ನಿಸಬಹುದು. ಮನೆಯ ಲೆಕ್ಕಪತ್ರ ನೋಡಿಕೊಳ್ಳುವವರು, ಕನ್ನಡ ತರಗತಿಗೆ ಬರುವ ಮಕ್ಕಳು, ಊರಿನಿಂದ ಬಂದು ಮೂರು ತಿಂಗಳಿದ್ದು ಹೋಗುವ ಅಜ್ಜ-ಅಜ್ಜಿಯರು – ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ಒಂದು ಸಣ್ಣ ಪ್ರಶ್ನೆ. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಏನೇನಿದೆ? ಮದುವೆಯ ಫೋಟೋಗಳು, ಮಗುವಿನ ಮೊದಲ ಹೆಜ್ಜೆಯ ವಿಡಿಯೋ, ಜನನ ಪ್ರಮಾಣಪತ್ರದ ಪ್ರತಿ, ತೆರಿಗೆಯ ಕಾಗದ, ಊರಿನ ಜಮೀನಿನ ಪಹಣಿ, ಹಿರಿಯರು ಬರೆದಿಟ್ಟ ವಂಶಾವಳಿ. ಇವೆಲ್ಲ ಯಾರವು ಎಂದರೆ "ನಮ್ಮವೇ, ಇನ್ಯಾರವು?" ಎನ್ನುತ್ತೇವೆ. ಆದರೆ ಅವನ್ನು ತೆರೆದು ತೋರಿಸುವ ತಂತ್ರಾಂಶ ಒಂದು ಕಂಪನಿಯದು. ಇಟ್ಟಿರುವ ಜಾಗ ಇನ್ನೊಂದು ಕಂಪನಿಯದು. ನಾಳೆ ಆ ಕಂಪನಿ ಬೆಲೆ ಏರಿಸಿತು, ಸೇವೆ ನಿಲ್ಲಿಸಿತು, ನಮ್ಮ ಯಂತ್ರ ಹಳೆಯದಾಯಿತು ಎಂದಿತು ಅಂದುಕೊಳ್ಳಿ. ನಮ್ಮ ವಸ್ತುಗಳನ್ನು ಎತ್ತಿಕೊಂಡು ಬೇರೆಡೆ ಹೋಗಲು ದಾರಿ ಇದೆಯೇ?

ಇಡೀ ಲೇಖನದ ಸಾರ ಈ ಒಂದು ಪ್ರಶ್ನೆಯಲ್ಲಿದೆ. ಕಂಪ್ಯೂಟರಿನ ವಿಷಯದಲ್ಲಿ ಸ್ವಾತಂತ್ರ್ಯ ಎಂದರೆ ದೊಡ್ಡ ಕಂಪನಿಗಳ ಸಾಮಾನನ್ನು ಮುಟ್ಟುವುದೇ ಇಲ್ಲವೆಂಬ ವ್ರತವಲ್ಲ. ಹೊರಡಬೇಕೆನಿಸಿದ ದಿನ ಹೊರಟು ಬರಲು ಸಾಧ್ಯವಾದರೆ ಸಾಕು, ನಾವು ಸ್ವತಂತ್ರರು.

ಜರ್ಮನಿಯಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಒಂದು ಸಂಗತಿ ಗೊತ್ತೇ ಇದೆ. ಎಷ್ಟೋ ಮನೆಗಳಲ್ಲಿ ಅಡಿಗೆಮನೆ ಎಂದರೆ ನಾಲ್ಕು ಗೋಡೆ ಮತ್ತು ನೀರಿನ ಕೊಳವೆ! ಒಲೆ, ಕಪಾಟು, ಸಿಂಕು ಎಲ್ಲವನ್ನೂ ನಾವೇ ತಂದು ಜೋಡಿಸಬೇಕು; ಮನೆ ಬಿಡುವಾಗ ಬಿಚ್ಚಿ ಒಯ್ಯಬೇಕು. ಊರಿನಿಂದ ಹೊಸದಾಗಿ ಬಂದವರಿಗೆ ಇದು ವಿಚಿತ್ರ. ಕಂಪ್ಯೂಟರಿನ ಮಟ್ಟಿಗೆ ಮಾತ್ರ ಇದೇ ಒಳ್ಳೆಯ ಪದ್ಧತಿ. ಮನೆ ಬಾಡಿಗೆಯದಾಗಿರಲಿ, ಒಲೆ ನಮ್ಮದಿರಲಿ.

1. ಕನ್ನಡವೇ ಕಲಿಸಿದ ಪಾಠ

ಈ ಮಾತಿಗೆ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಬೆಳೆದು ಬಂದ ಕಥೆಯೇ ಸಾಕು.

1990ರ ದಶಕದಲ್ಲಿ ಕನ್ನಡ ಟೈಪು ಮಾಡಲು ಶ್ರೀಲಿಪಿ, ಪ್ರಕಾಶಕ್ ಮುಂತಾದ ತಂತ್ರಾಂಶಗಳಿದ್ದವು. 1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡ ಬರೆಯುವುದನ್ನು ಸುಲಭ ಮಾಡಿತು. ಅದನ್ನೇ ಕರ್ನಾಟಕ ಸರ್ಕಾರ ಒಪ್ಪಿಕೊಂಡಿತು. ಹೊರನಾಡಿನ ಕನ್ನಡಿಗರು ಮಿಂಚಂಚೆಯಲ್ಲಿ ಕನ್ನಡ ಬರೆದದ್ದು, ಸಂಘಗಳು ಸ್ಮರಣ ಸಂಚಿಕೆ ಅಚ್ಚು ಮಾಡಿದ್ದು ಬಹುಪಾಲು ಇವರೆಲ್ಲರ ಪುಣ್ಯದಿಂದ.

ಆದರೆ ಆ ಕಾಲದ ಕನ್ನಡ ಫಾಂಟುಗಳಲ್ಲಿ ಒಂದು ತೊಡಕಿತ್ತು. ಕಂಪ್ಯೂಟರಿಗೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಆಗಲೇ ಸಂಖ್ಯೆ ಗೊತ್ತುಮಾಡಿತ್ತು. ಕನ್ನಡ ಫಾಂಟುಗಳು ಅದೇ ಸಂಖ್ಯೆಗಳನ್ನು ಎರವಲು ಪಡೆದು, ಮೇಲೆ ಕನ್ನಡದ ಚಿತ್ರ ಅಂಟಿಸಿದವು. ಹಳೆಯ ನುಡಿ ಫಾಂಟಿನಲ್ಲಿ ತೆರೆಯ ಮೇಲೆ 'ಕ' ಎಂದು ಕಂಡರೂ ಕಡತದ ಒಳಗೆ ಇರುವುದು ಇಂಗ್ಲಿಷಿನ ದೊಡ್ಡ 'ಪಿ' ಮತ್ತು ತಲೆಯ ಮೇಲೆ ಗೀಟಿರುವ ಒಂದು 'ಎ'! ಫಾಂಟು ಇರುವವರೆಗೆ ಕನ್ನಡ, ಫಾಂಟು ಕಳಚಿದರೆ ಗೋಜಲು. ಒಂದು ತಂತ್ರಾಂಶದ ಸಂಖ್ಯೆಗಳು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಶ್ರೀಲಿಪಿಯಲ್ಲಿ ಬರೆದದ್ದು ನುಡಿಯಲ್ಲಿ ಬಾರದು. ಬರೆದವರು ನಾವು, ಭಾಷೆ ನಮ್ಮದು. ಓದುವ ಕೀಲಿಕೈ ಮಾತ್ರ ಆಯಾ ತಂತ್ರಾಂಶದ ಕೈಯಲ್ಲಿ.

ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಒಂದು ಕೋಷ್ಟಕ ಮೀಸಲಾಯಿತು. ಅದರಲ್ಲಿ 'ಕ' ಅಕ್ಷರದ ಸಂಖ್ಯೆ 3221. ಇದು ಯಾವ ಕಂಪನಿಯ ಗುಟ್ಟೂ ಅಲ್ಲ. ಯಾರು ಬೇಕಾದರೂ ನೋಡಬಹುದು, ಯಾರು ಬೇಕಾದರೂ ಬಳಸಬಹುದು. ಯೂನಿಕೋಡ್ ಒಕ್ಕೂಟದಲ್ಲಿ ದೊಡ್ಡ ಕಂಪನಿಗಳೇ ಇವೆ ಎಂಬುದು ನಿಜ. ಆದರೆ ಎಲ್ಲರೂ ಸೇರಿ ಒಪ್ಪಿ, ಬಯಲಿನಲ್ಲಿಟ್ಟ ಪಟ್ಟಿಯಾದ್ದರಿಂದ ಯಾವೊಬ್ಬರೂ ಅದಕ್ಕೆ ಬೀಗ ಹಾಕಲಾರರು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಸೇರಿತು. ಬರಹ ಮತ್ತು ನುಡಿ ಕೂಡ ಯೂನಿಕೋಡಿಗೆ ಬಂದವು. ಇಂದು ಫೋನಿನಲ್ಲಿ ಕಳಿಸಿದ ಕನ್ನಡ ಸಂದೇಶ ಯಾವ ಕಂಪನಿಯ ಫೋನಿನಲ್ಲಾದರೂ ಕನ್ನಡವಾಗಿಯೇ ಕಾಣುವುದು, ಹುಡುಕಿದರೆ ಸಿಗುವುದು ಇದರಿಂದಾಗಿಯೇ.

ಇಲ್ಲಿಂದ ಮೊದಲ ಸೂತ್ರ ಸಿಗುತ್ತದೆ: ತಂತ್ರಾಂಶ ಯಾವುದೇ ಇರಲಿ, ಬರಹವನ್ನು ಉಳಿಸುವ ರೂಪ ಎಲ್ಲರಿಗೂ ತೆರೆದಿರಬೇಕು.

2. ಉಚಿತ ಬೇರೆ, ಸ್ವತಂತ್ರ ಬೇರೆ

ಇಂಗ್ಲಿಷಿನ 'ಫ್ರೀ' ಎಂಬ ಒಂದೇ ಪದಕ್ಕೆ ಬಿಟ್ಟಿ ಎಂಬ ಅರ್ಥವೂ ಇದೆ, ಬಿಡುಗಡೆ ಎಂಬ ಅರ್ಥವೂ ಇದೆ. ಇದರಿಂದ ಆಗಿರುವ ಗೊಂದಲ ಅಷ್ಟಿಷ್ಟಲ್ಲ. ಕನ್ನಡದಲ್ಲಿ ಆ ಕಷ್ಟವಿಲ್ಲ. 'ಉಚಿತ' ಬೇರೆ, 'ಸ್ವತಂತ್ರ' ಬೇರೆ.

ಅಮೆರಿಕದ ಎಂಐಟಿ ಸಂಸ್ಥೆಯ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಅವರಿಗೆ ಈ ವ್ಯತ್ಯಾಸ ಹೊಳೆದದ್ದು ಒಂದು ಲೇಸರ್ ಪ್ರಿಂಟರಿನಿಂದ. ಕಾಗದ ಸಿಕ್ಕಿಕೊಂಡರೆ ಬಳಕೆದಾರರಿಗೆ ತಿಳಿಸುವಂತೆ ಅದರ ತಂತ್ರಾಂಶವನ್ನು ತಿದ್ದಲು ಅವರು ಬಯಸಿದರು. ಮೂಲ ಸಂಕೇತ ಕೊಡಲು ನಿರಾಕರಿಸಲಾಯಿತು. 1983ರ ಸೆಪ್ಟೆಂಬರಿನಲ್ಲಿ ಅವರು 'ಗ್ನೂ' ಯೋಜನೆ ಘೋಷಿಸಿದರು. ಅವರ ಪ್ರಕಾರ ಸ್ವತಂತ್ರ ತಂತ್ರಾಂಶ ಎಂದರೆ ನಾಲ್ಕು ಹಕ್ಕುಗಳು: ಯಾವ ಉದ್ದೇಶಕ್ಕಾದರೂ ಬಳಸುವುದು, ಒಳಗೆ ಹೇಗೆ ನಡೆಯುತ್ತದೆಂದು ನೋಡಿ ತಿದ್ದುವುದು, ಪ್ರತಿ ತೆಗೆದು ನೆರೆಯವರಿಗೆ ಕೊಡುವುದು, ತಾನು ತಿದ್ದಿ ಸುಧಾರಿಸಿದ್ದನ್ನು ಹಂಚುವುದು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 'ಲಿನಕ್ಸ್' ಎಂಬ ತಿರುಳನ್ನು ಬರೆದು ಹಂಚಿದರು. ಎರಡೂ ಸೇರಿ ಇಂದು ನಾವು ಲಿನಕ್ಸ್ ಎನ್ನುವ ಕಾರ್ಯಾಚರಣ ವ್ಯವಸ್ಥೆಯಾಯಿತು.

ಮಕ್ಕಳಿಗೆ ಹೀಗೆ ಹೇಳಬಹುದು. ಅಂಗಡಿಯವರು ಸಾರಿನ ಪುಡಿಯ ಒಂದು ಪೊಟ್ಟಣವನ್ನು ಬಿಟ್ಟಿಯಾಗಿ ಕೊಟ್ಟರೆ ಅದು ಉಚಿತ. ಅಜ್ಜಿ ಸಾರಿನ ಪುಡಿಯ ಅಳತೆಯನ್ನೇ ಬರೆದುಕೊಟ್ಟರೆ ಅದು ಸ್ವತಂತ್ರ. ಅಂಗಡಿ ಮುಚ್ಚಿದರೆ ಪೊಟ್ಟಣ ಮುಗಿಯಿತು. ಅಳತೆ ಕೈಯಲ್ಲಿದ್ದರೆ ನಾವೇ ಹುರಿದು ಕುಟ್ಟಿಕೊಳ್ಳಬಹುದು, ಖಾರ ಕಡಿಮೆ ಮಾಡಬಹುದು, ಪಕ್ಕದ ಮನೆಯವರಿಗೂ ಬರೆದುಕೊಡಬಹುದು. ನಮಗೆ ಕುಟ್ಟಲು ಬಾರದಿದ್ದರೂ ಚಿಂತೆಯಿಲ್ಲ, ಬಲ್ಲವರು ಯಾರಾದರೂ ಕುಟ್ಟಿಕೊಟ್ಟಾರು.

3. ಲ್ಯೂನೆಬುರ್ಗ್‌ನ ಹುಡುಗ ಬರೆದ ತಂತ್ರಾಂಶ

ಅಳತೆ ಕೈಯಲ್ಲಿದ್ದರೆ ಏನು ಪ್ರಯೋಜನ ಎಂಬುದಕ್ಕೆ ನಾವಿರುವ ಈ ಜರ್ಮನಿಯಲ್ಲೇ ಒಂದು ಒಳ್ಳೆಯ ಕಥೆ ಇದೆ. 1985ರಲ್ಲಿ ಉತ್ತರದ ಲ್ಯೂನೆಬುರ್ಗ್ ಊರಿನ ಮಾರ್ಕೊ ಬೋರೀಸ್ ಎಂಬ ಹದಿಹರೆಯದ ಹುಡುಗ 'ಸ್ಟಾರ್‌ರೈಟರ್' ಎಂಬ ಬರವಣಿಗೆಯ ತಂತ್ರಾಂಶ ಮಾಡಿದ. ಅದು ಬೆಳೆದು 'ಸ್ಟಾರ್‌ಆಫೀಸ್' ಆಯಿತು. 1999ರಲ್ಲಿ ಅಮೆರಿಕದ ಸನ್ ಕಂಪನಿ ಅದನ್ನು ಕೊಂಡುಕೊಂಡಿತು. 2000ದಲ್ಲಿ ಅದರ ಮೂಲ ಸಂಕೇತವನ್ನು 'ಓಪನ್ ಆಫೀಸ್' ಎಂಬ ಹೆಸರಿನಲ್ಲಿ ಜಗತ್ತಿಗೆ ಬಿಟ್ಟುಕೊಟ್ಟಿತು. 2010ರಲ್ಲಿ ಆ ಸನ್ ಕಂಪನಿಯನ್ನೇ ಒರಾಕಲ್ ನುಂಗಿತು.

ಇನ್ನಾವುದೇ ತಂತ್ರಾಂಶವಾಗಿದ್ದರೆ ಬಳಕೆದಾರರು ಹೊಸ ಯಜಮಾನನ ಮುಖ ನೋಡುತ್ತ ಕೂರಬೇಕಿತ್ತು. ಇಲ್ಲಿ ಹಾಗಾಗಲಿಲ್ಲ. ಅದರಲ್ಲಿ ದುಡಿಯುತ್ತಿದ್ದ ಹಲವರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೂಲ ಸಂಕೇತದ ಪ್ರತಿ ಎತ್ತಿಕೊಂಡು ಹೊರಗೆ ಬಂದು 'ಲಿಬ್ರೆಆಫೀಸ್' ಎಂದು ಹೆಸರಿಟ್ಟರು. ಅದನ್ನು ನೋಡಿಕೊಳ್ಳುವ ಪ್ರತಿಷ್ಠಾನ ಬರ್ಲಿನ್ನಿನಲ್ಲಿದೆ. ಕಳ್ಳತನವಿಲ್ಲ, ಕೋರ್ಟು-ಕಚೇರಿಯಿಲ್ಲ, ಪರವಾನಗಿಯೇ ಅದಕ್ಕೆ ಅವಕಾಶ ಕೊಟ್ಟಿತ್ತು. ನೀವು ಬರೆದಿಟ್ಟ ಕಡತಗಳೂ ಅನಾಥವಾಗಲಿಲ್ಲ. ಅವು ಉಳಿಯುವ 'ಓಡಿಎಫ್' ಎಂಬ ರೂಪ 2006ರಲ್ಲಿಯೇ ಅಂತರರಾಷ್ಟ್ರೀಯ ಮಾನಕವಾಗಿತ್ತು. ಲಿಬ್ರೆಆಫೀಸನ್ನು ಕನ್ನಡದ ಮೆನುಗಳೊಂದಿಗೂ ಬಳಸಬಹುದು ಎಂಬುದು ನಮಗೆ ಇನ್ನೂ ಸಂತೋಷದ ಸಂಗತಿ.

4. ಮ್ಯೂನಿಕ್ ನಗರದ ಹದಿನೇಳು ವರ್ಷ

ಇನ್ನೊಂದು ಕಥೆಯಲ್ಲಿ ಸಿಹಿಯೂ ಇದೆ, ಕಹಿಯೂ ಇದೆ. 2003ರಲ್ಲಿ ಮ್ಯೂನಿಕ್ ನಗರಸಭೆಯ ಸುಮಾರು 14,000 ಕಂಪ್ಯೂಟರುಗಳಲ್ಲಿದ್ದ ವಿಂಡೋಸ್ ಎನ್‌ಟಿ ಎಂಬ ವ್ಯವಸ್ಥೆಗೆ ಕಂಪನಿಯ ಬೆಂಬಲ ಮುಗಿಯುವುದರಲ್ಲಿತ್ತು. ಹೊಸದನ್ನು ಕೊಳ್ಳಬೇಕೇ, ದಾರಿ ಬದಲಿಸಬೇಕೇ? ಮೈಕ್ರೋಸಾಫ್ಟಿನ ಮುಖ್ಯಸ್ಥರಾಗಿದ್ದ ಸ್ಟೀವ್ ಬಾಲ್ಮರ್ ಸ್ವತಃ ಬಂದು ಮೇಯರ್ ಕ್ರಿಸ್ಟಿಯಾನ್ ಊಡೆ ಅವರನ್ನು ಕಂಡರು. ಆದರೂ ನಗರಸಭೆ ಲಿನಕ್ಸ್ ಕಡೆ ವಾಲಿತು. 'ಲಿಮುಕ್ಸ್' ಎಂಬ ಆ ಯೋಜನೆ 2013ರಲ್ಲಿ ಪೂರ್ಣಗೊಂಡಾಗ ಸುಮಾರು 15,000 ಕಂಪ್ಯೂಟರುಗಳು ಬದಲಾಗಿದ್ದವು.

ನಾಲ್ಕೇ ವರ್ಷದಲ್ಲಿ ಗಾಳಿ ತಿರುಗಿತು. 2017ರಲ್ಲಿ ಹೊಸ ಆಡಳಿತ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. 2020ರಲ್ಲಿ ಬಂದ ಮೈತ್ರಿಕೂಟವು ಸಾಧ್ಯವಿರುವಲ್ಲೆಲ್ಲ ತೆರೆದ ಮಾನಕ, ಮುಕ್ತ ತಂತ್ರಾಂಶಗಳಿಗೇ ಆದ್ಯತೆ ಎಂದು ಮತ್ತೆ ಒಪ್ಪಂದ ಮಾಡಿಕೊಂಡಿತು!

ಈ ಹಗ್ಗಜಗ್ಗಾಟದಿಂದ ನಾವು ಕಲಿಯುವುದೇನು? ಮ್ಯೂನಿಕ್‌ಗೆ ಕಷ್ಟವಾದದ್ದು ಕೇವಲ ವಿಂಡೋಸ್ ತೆಗೆದು ಲಿನಕ್ಸ್ ಹಾಕುವ ಕೆಲಸವಲ್ಲ. ಹಲವು ಇಲಾಖೆಗಳು ವರ್ಷಗಟ್ಟಲೆ ಒಂದೇ ಕಂಪನಿಯ ತಂತ್ರಾಂಶದಲ್ಲಿ ಹೆಣೆದಿಟ್ಟ ಸಾವಿರಾರು ನಮೂನೆ, ಅರ್ಜಿ, ಲೆಕ್ಕದ ಹಾಳೆಗಳನ್ನು ಬಿಡಿಸುವುದು ದೊಡ್ಡ ಕೆಲಸವಾಗಿತ್ತು. ಜೊತೆಗೆ ಹೊರಗಿನ ಕಚೇರಿಗಳೆಲ್ಲ ಹಳೆಯ ರೂಪದಲ್ಲೇ ಕಾಗದ ಕಳಿಸುತ್ತಿದ್ದವು. ಬಳ್ಳಿ ಚಪ್ಪರಕ್ಕೆ ಎಷ್ಟು ವರ್ಷ ಸುತ್ತಿಕೊಂಡಿದೆಯೋ ಬಿಡಿಸಲು ಅಷ್ಟು ತಾಳ್ಮೆ ಬೇಕು. ಆದ್ದರಿಂದ ಎರಡನೆಯ ಸೂತ್ರ: ಮೊದಲು ಕಡತಗಳನ್ನು ಬಿಡಿಸಿಕೊಳ್ಳಿ, ಯಂತ್ರದ ಮಾತು ಕೊನೆಗಿರಲಿ.

ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಹಿಡಿದದ್ದು ಇದೇ ಕ್ರಮವನ್ನು. 2024ರ ಏಪ್ರಿಲ್‌ನಲ್ಲಿ ಅಲ್ಲಿನ ಸಂಪುಟ ಸುಮಾರು 30,000 ಸರ್ಕಾರಿ ಕಂಪ್ಯೂಟರುಗಳಿಗೆ ಮೊದಲು ಲಿಬ್ರೆಆಫೀಸ್ ತರಲು ನಿರ್ಧರಿಸಿತು. ಲಿನಕ್ಸ್ ಬರುವುದು ಆಮೇಲಿನ ಹಂತದಲ್ಲಿ. 2025ರ ಅಕ್ಟೋಬರಿನ ವೇಳೆಗೆ 40,000ಕ್ಕೂ ಹೆಚ್ಚು ಅಂಚೆಪೆಟ್ಟಿಗೆಗಳನ್ನು ಮುಕ್ತ ತಂತ್ರಾಂಶಕ್ಕೆ ಸಾಗಿಸಿ ಮುಗಿಸಿತು. ಒಂದು ರಾಜ್ಯ ಮಾಡಬಲ್ಲದ್ದನ್ನು ಒಂದು ಮನೆ ಮಾಡಲಾರದೇ?

5. ದುಡ್ಡು ಕೊಟ್ಟರೂ ನಮ್ಮದಾಗದ ವಸ್ತುಗಳು

"ಹಣ ಕೊಟ್ಟು ಕೊಂಡಿದ್ದೇವೆ, ಇನ್ನೇನು ಭಯ?" ಎನ್ನುವವರಿದ್ದಾರೆ. 2009ರ ಜುಲೈನಲ್ಲಿ ಅಮೆಜಾನ್ ಕಂಪನಿ ಹಕ್ಕುಸ್ವಾಮ್ಯದ ತೊಡಕಿನಿಂದಾಗಿ ಓದುಗರ ಕಿಂಡಲ್ ಯಂತ್ರಗಳಿಂದ ಕೆಲವು ಪುಸ್ತಕಗಳನ್ನು ದೂರದಿಂದಲೇ ಅಳಿಸಿಹಾಕಿತು. ಅದರಲ್ಲಿ ಜಾರ್ಜ್ ಆರ್ವೆಲ್ಲರ '1984' ಕೂಡ ಇತ್ತು! ಹಣ ಹಿಂದಿರುಗಿಸಿದರು, ಆಮೇಲೆ ಕ್ಷಮೆಯನ್ನೂ ಕೇಳಿದರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ವಿದ್ಯುನ್ಮಾನ ಪುಸ್ತಕದಂಗಡಿ ಮುಚ್ಚಿದಾಗಲೂ ಹಣ ಹಿಂದಕ್ಕೆ ಬಂತು, ಪುಸ್ತಕಗಳು ಹೋದವು. ಮನೆಯ ಕಪಾಟಿನಲ್ಲಿರುವ ಕಾದಂಬರಿಯನ್ನು ಪುಸ್ತಕದಂಗಡಿಯವರು ಬಂದು ಒಯ್ಯುವುದುಂಟೇ?

ಬಿಟ್ಟಿ ಸೇವೆಗಳ ಮಾತಂತೂ ಹೇಳುವುದೇ ಬೇಡ. ನಮ್ಮಲ್ಲಿ ಹಲವರು ಕಾಲೇಜಿನ ಗೆಳೆಯರನ್ನು ಮತ್ತೆ ಕಂಡುಕೊಂಡ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದಷ್ಟು ಚಿತ್ರಗಳನ್ನು ಉಚಿತವಾಗಿ ಇಡುವ ಸೌಲಭ್ಯ 2021ರ ಜೂನ್ 1ಕ್ಕೆ ಮುಗಿಯಿತು. ಇದರಲ್ಲಿ ಮೋಸವೇನಿಲ್ಲ. ಕಂಪನಿ ಅಂದಮೇಲೆ ಅದರ ಲಾಭ-ನಷ್ಟ ಅದು ನೋಡಿಕೊಳ್ಳುತ್ತದೆ. ನಮ್ಮ ಮನೆಯ ನೆನಪನ್ನು ನೋಡಿಕೊಳ್ಳಬೇಕಾದವರು ನಾವು.

ಯುರೋಪಿನಲ್ಲಿರುವ ನಮಗೆ ಕಾನೂನಿನ ಬೆಂಬಲವೂ ಇದೆ. 2018ರ ಮೇ 25ರಿಂದ ಜಾರಿಯಾದ ದತ್ತಾಂಶ ರಕ್ಷಣಾ ನಿಯಮದ 20ನೇ ವಿಧಿಯ ಪ್ರಕಾರ, ನಾವು ಒಂದು ಸೇವೆಗೆ ಕೊಟ್ಟ ನಮ್ಮ ವೈಯಕ್ತಿಕ ಮಾಹಿತಿಯನ್ನು ಕಂಪ್ಯೂಟರ್ ಓದಬಲ್ಲ ರೂಪದಲ್ಲಿ ಹಿಂದಕ್ಕೆ ಪಡೆಯುವ ಹಕ್ಕು ನಮಗಿದೆ. ದೊಡ್ಡ ಸೇವೆಗಳಲ್ಲಿ ಇದಕ್ಕೆಂದೇ ಒಂದು ಗುಂಡಿ ಇರುತ್ತದೆ. ವರ್ಷಕ್ಕೊಮ್ಮೆಯಾದರೂ ಅದನ್ನು ಒತ್ತಿ ನೋಡಬೇಕು.

6. ಮನೆಯಲ್ಲಿ ಮಾಡುವ ಕ್ರಮ

ಎಲ್ಲವನ್ನೂ ಒಂದೇ ದಿನ ಬದಲಿಸಹೊರಟರೆ ಮನೆಯಲ್ಲಿ ಜಗಳವಾದೀತು. ತಿಂಗಳಿಗೊಂದು ಹೆಜ್ಜೆಯಂತೆ ಸಾಗಿದರೆ ಅರ್ಧ ವರ್ಷದೊಳಗೆ ಮುಗಿಯುತ್ತದೆ.

ಮೊದಲ ಹೆಜ್ಜೆ, ಬರಹ. ಹಳೆಯ ನುಡಿ, ಬರಹ ಫಾಂಟುಗಳಲ್ಲಿರುವ ಪತ್ರ, ಕಥೆ, ನಾಟಕಗಳನ್ನು ಯೂನಿಕೋಡಿಗೆ ಪರಿವರ್ತಿಸಿ. ಆ ತಂತ್ರಾಂಶಗಳ ಜೊತೆಗೇ ಪರಿವರ್ತಕ ಬರುತ್ತದೆ. ಆದಮೇಲೆ ಒಮ್ಮೆ ಕಣ್ಣಾಡಿಸಿ. ಅರ್ಕಾವೊತ್ತು, ಒತ್ತಕ್ಷರಗಳು ಅಲ್ಲಲ್ಲಿ ಜಾಗ ತಪ್ಪಿರುತ್ತವೆ. ಮುಂದೆ ತಿದ್ದಬೇಕಾದ ಕಡತಗಳನ್ನು ಓಡಿಎಫ್ ರೂಪದಲ್ಲಿ, ಮುಗಿದ ಕಾಗದಗಳನ್ನು ಪಿಡಿಎಫ್ ರೂಪದಲ್ಲಿ ಉಳಿಸಿ. ಪಿಡಿಎಫ್ ಹುಟ್ಟಿದ್ದು ಅಡೋಬಿ ಕಂಪನಿಯಲ್ಲಾದರೂ 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು.

ಎರಡನೆಯದು, ಫೋಟೋ ಮತ್ತು ವಿಡಿಯೋ. ಮೂರು ಪ್ರತಿಗಳ ನಿಯಮ ನೆನಪಿರಲಿ: ಒಂದು ಕಂಪ್ಯೂಟರಿನಲ್ಲಿ, ಇನ್ನೊಂದು ಬೇರೆ ಡಿಸ್ಕಿನಲ್ಲಿ, ಮೂರನೆಯದು ಬೇರೆಯ ಮನೆಯಲ್ಲಿ. ರಜೆಗೆ ಊರಿಗೆ ಹೋಗುವಾಗ ಒಂದು ಡಿಸ್ಕನ್ನು ಅಣ್ಣನ ಮನೆಯಲ್ಲೋ ತಂಗಿಯ ಮನೆಯಲ್ಲೋ ಇಟ್ಟು ಬಂದರಾಯಿತು. ಕಂಪನಿಯ 'ಮೋಡ'ದಲ್ಲಿ ಇಡುವುದಾದರೆ ಅದು ಹೆಚ್ಚುವರಿ ಪ್ರತಿಯಾಗಿರಲಿ, ಇರುವುದೊಂದೇ ಪ್ರತಿ ಆಗುವುದು ಬೇಡ. ಐಫೋನ್ 2017ರಿಂದ ಚಿತ್ರಗಳನ್ನು ಹೊಸದೊಂದು ರೂಪದಲ್ಲಿ ಉಳಿಸುತ್ತಿದೆ. ಎಲ್ಲೆಡೆ ತೆರೆಯುವ ಜೆಪೆಗ್ ರೂಪ ಬೇಕಿದ್ದರೆ ಅದರ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಆಯ್ಕೆ ಇದೆ.

ಮೂರನೆಯದು, ವಿಳಾಸ ಮತ್ತು ಗುಪ್ತಪದ. ಕೆಲಸ ಕೊಟ್ಟವರ ಮಿಂಚಂಚೆ ವಿಳಾಸದಿಂದ ಬ್ಯಾಂಕು, ಶಾಲೆ, ವೀಸಾ ಕಚೇರಿಗಳಲ್ಲಿ ನೋಂದಾಯಿಸಬೇಡಿ. ಕೆಲಸ ಬದಲಾದ ದಿನ ಅದು ಹೋಗುತ್ತದೆ. ಫೋನಿನ ಸಂಪರ್ಕ ಪಟ್ಟಿಯನ್ನು ಆಗಾಗ ಕಡತವಾಗಿ ಇಳಿಸಿಕೊಳ್ಳಿ. ಗುಪ್ತಪದಗಳಿಗೆ ಕೀಪಾಸ್‌ನಂಥ ಮುಕ್ತ ತಂತ್ರಾಂಶ ಬಳಸಬಹುದು. ಪೆಟ್ಟಿಗೆ ನಮ್ಮ ಡಿಸ್ಕಿನಲ್ಲೇ ಇರುತ್ತದೆ. ಅದರ ಕೀಲಿ ಗಂಡ-ಹೆಂಡತಿ ಇಬ್ಬರಿಗೂ ಗೊತ್ತಿರಲಿ.

ನಾಲ್ಕನೆಯದು, ದಿನಬಳಕೆಯ ತಂತ್ರಾಂಶ. ಅಂತರ್ಜಾಲ ನೋಡಲು ಫೈರ್‌ಫಾಕ್ಸ್, ಅಂಚೆಗೆ ಥಂಡರ್‌ಬರ್ಡ್, ಬರೆಯಲು ಲಿಬ್ರೆಆಫೀಸ್, ಹಾಡು-ಸಿನಿಮಾಕ್ಕೆ ವಿಎಲ್‌ಸಿ. ಇವೆಲ್ಲ ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತವೆ. ಈಗಿರುವ ಯಂತ್ರದಲ್ಲೇ ಇವುಗಳಿಗೆ ಕೈ ಪಳಗಿದರೆ ನಾಳೆ ಯಂತ್ರ ಬದಲಿಸಿದರೂ ಪರಿಚಿತ ಮುಖಗಳೇ ಎದುರಾಗುತ್ತವೆ.

ಐದನೆಯದು, ಬೇಕಿದ್ದರೆ ಮಾತ್ರ, ಕಾರ್ಯಾಚರಣ ವ್ಯವಸ್ಥೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೆಲವು ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ, ಟಿಪಿಎಂ 2.0 ಎಂಬ ಸುರಕ್ಷಾ ಚಿಪ್ಪನ್ನೂ ಕೇಳುತ್ತದೆ. ಹಾಗಾಗಿ ಗಟ್ಟಿಮುಟ್ಟಾಗಿರುವ ಎಷ್ಟೋ ಲ್ಯಾಪ್‌ಟಾಪುಗಳು ಗುಜರಿಯ ದಾರಿ ಹಿಡಿಯುತ್ತಿವೆ. ಅವುಗಳಲ್ಲಿ ಉಬುಂಟು, ಲಿನಕ್ಸ್ ಮಿಂಟ್, ಡೆಬಿಯನ್‌ನಂಥ ಲಿನಕ್ಸ್ ಹಾಕಿದರೆ ಇನ್ನೂ ಹಲವು ವರ್ಷ ದುಡಿಸಿಕೊಳ್ಳಬಹುದು. ಯುಎಸ್‌ಬಿ ಕಡ್ಡಿಯಿಂದಲೇ ಅದನ್ನು ಚಾಲೂ ಮಾಡಿ, ಇರುವುದೇನನ್ನೂ ಅಳಿಸದೆ, ರುಚಿ ನೋಡಬಹುದು. ಲಿನಕ್ಸ್‌ನಲ್ಲಿ ಕನ್ನಡಕ್ಕೆ ಬೇರೆ ತಂತ್ರಾಂಶ ಕೊಳ್ಳಬೇಕಾಗಿಲ್ಲ. ಕೀಲಿಮಣೆ ಪಟ್ಟಿಯಲ್ಲಿ 'ಕಗಪ' ವಿನ್ಯಾಸವೇ ಇದೆ. ಗುಬ್ಬಿ, ನವಿಲು, ನೋಟೊ ಎಂಬ ಸ್ವತಂತ್ರ ಕನ್ನಡ ಫಾಂಟುಗಳೂ ಇವೆ.

7. ಇರುವ ಮಿತಿಗಳು

ಒಂದೇ ಕಡೆಯ ಮಾತು ಹೇಳಿದರೆ ಪಾಠ ಅರ್ಧವಾಗುತ್ತದೆ. ಲಿನಕ್ಸ್‌ನಲ್ಲಿ ಕೆಲವು ಆಟಗಳು, ಕೆಲವು ವೃತ್ತಿಪರ ತಂತ್ರಾಂಶಗಳು ನಡೆಯುವುದಿಲ್ಲ. ಕೆಲವು ಪ್ರಿಂಟರುಗಳು ಮೊಂಡು ಹಿಡಿಯುತ್ತವೆ. ವರ್ಡ್‌ನಲ್ಲಿ ಮಾಡಿದ ಕ್ಲಿಷ್ಟ ಕಡತ ಲಿಬ್ರೆಆಫೀಸಿನಲ್ಲಿ ಸ್ವಲ್ಪ ಓರೆಕೋರೆಯಾಗಿ ಕಾಣಬಹುದು. ಜರ್ಮನಿಯ ತೆರಿಗೆ ಸಲ್ಲಿಸುವ 'ಎಲ್‌ಸ್ಟರ್' ಬ್ರೌಸರಿನಲ್ಲೇ ನಡೆಯುವುದರಿಂದ ಆ ಚಿಂತೆಯಿಲ್ಲ. ಆದರೆ ಶಾಲೆ, ಕಚೇರಿ ಒಂದು ನಿರ್ದಿಷ್ಟ ತಂತ್ರಾಂಶವನ್ನೇ ಕೇಳಿದರೆ ಅದನ್ನು ಬಳಸಲೇಬೇಕು. ಫೋನುಗಳ ಲೋಕವಂತೂ ಎರಡು ಕಂಪನಿಗಳ ಹಿಡಿತದಲ್ಲಿದೆ. ಅಲ್ಲಿ ನಮ್ಮ ಆಯ್ಕೆ ಇನ್ನೂ ಕಿರಿದು.

ಮುಕ್ತ ತಂತ್ರಾಂಶವೆಂದರೆ ತಾನಾಗಿಯೇ ಸುರಕ್ಷಿತ ಎಂದೂ ಅಲ್ಲ. 2024ರ ಮಾರ್ಚ್‌ನಲ್ಲಿ 'ಎಕ್ಸ್‌ಜೆಡ್' ಎಂಬ ಸಣ್ಣ ಮುಕ್ತ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದು ಪತ್ತೆಯಾಯಿತು. ಪತ್ತೆ ಮಾಡಿದ ಆಂಡ್ರೆಸ್ ಫ್ರಾಯಿಂಡ್ ಮೈಕ್ರೋಸಾಫ್ಟಿನಲ್ಲೇ ಕೆಲಸ ಮಾಡುವವರು! ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೇಕೆ ಎಂದು ಬೆನ್ನು ಹತ್ತಿದರು, ತೆರೆದ ಸಂಕೇತದೊಳಗೆ ಇಣುಕಿ ನೋಡಿದರು, ಕಳ್ಳಬಾಗಿಲು ಸಿಕ್ಕಿಬಿತ್ತು. ಸಂಕೇತ ತೆರೆದಿದ್ದರಿಂದ ನೋಡಲು ಸಾಧ್ಯವಾಯಿತು ಎಂಬುದು ಒಂದು ಮುಖ. ಜಗತ್ತೇ ನೆಚ್ಚಿದ್ದ ಆ ತಂತ್ರಾಂಶವನ್ನು ಬಹುಮಟ್ಟಿಗೆ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು ಎಂಬುದು ಇನ್ನೊಂದು ಮುಖ. ಉಚಿತವಾಗಿ ಬಂದದ್ದರ ಹಿಂದೆ ಯಾರದೋ ಬೆವರು ಇದೆ. ಕೈಲಾದಷ್ಟು ಕಾಣಿಕೆ ಕೊಡುವುದು, ಕನ್ನಡ ಅನುವಾದಕ್ಕೆ ನೆರವಾಗುವುದು ನಮ್ಮ ಋಣಸಂದಾಯ.

8. ಸಂಘ ಮತ್ತು ಸೇವೆ

ಮನೆಗೆ ಹೇಳಿದ ಮಾತು ಸಂಘಕ್ಕೂ ಸಲ್ಲುತ್ತದೆ. ಕಾರ್ಯಕಾರಿ ಸಮಿತಿ ಬದಲಾಗುತ್ತಿರುತ್ತದೆ. ಸದಸ್ಯರ ಪಟ್ಟಿ, ದಾನಿಗಳ ಲೆಕ್ಕ, ಕನ್ನಡ ತರಗತಿಯ ಪಾಠಗಳು ಯಾರದೋ ಸ್ವಂತ ಖಾತೆಯಲ್ಲಿ ಉಳಿದರೆ ಮುಂದಿನವರು ಬರಿಗೈಯಲ್ಲಿ ಆರಂಭಿಸಬೇಕಾಗುತ್ತದೆ. ದಾನಿಗಳು ಕೊಡುವುದು ಹಣವನ್ನಷ್ಟೇ ಅಲ್ಲ, ನಂಬಿಕೆಯನ್ನೂ ಕೊಡುತ್ತಾರೆ. ಹತ್ತು ವರ್ಷದ ಹಿಂದಿನ ಲೆಕ್ಕ ಕೇಳಿದರೂ ತೆಗೆದು ತೋರಿಸುವಂತಿರಬೇಕು. ಖಾತೆಗಳು ಸಂಘದ ಹೆಸರಿನಲ್ಲಿರಲಿ, ಲೆಕ್ಕ ತೆರೆದ ರೂಪದ ಕಡತದಲ್ಲಿರಲಿ, ಅಧಿಕಾರ ಹಸ್ತಾಂತರದ ದಿನ ಹೂಗುಚ್ಛದ ಜೊತೆ ಒಂದು ಡಿಸ್ಕು ಕೂಡ ಕೈ ಬದಲಾಗಲಿ.

ಸೇವೆಯ ಮಾತಿಗೆ ಬಂದರೆ, ಊರಿನ ಶಾಲೆಗೆ ಹಳೆಯ ಲ್ಯಾಪ್‌ಟಾಪು ಕೊಡಬೇಕೆಂಬ ಆಸೆ ನಮ್ಮಲ್ಲಿ ಹಲವರದು. ಹಾಗೇ ಕೊಟ್ಟರೆ ಶಾಲೆಯವರ ಮೇಲೆ ಪರವಾನಗಿಯ ಖರ್ಚು ಬೀಳಬಹುದು. ನಮ್ಮ ಕಡತಗಳನ್ನು ಪೂರ್ತಿ ಅಳಿಸಿ, ಲಿನಕ್ಸ್ ಹಾಕಿ, ಕನ್ನಡ ಕೀಲಿಮಣೆ ಜೋಡಿಸಿ ಕೊಟ್ಟರೆ ಆ ಭಾರವಿಲ್ಲ. ಒಂದು ಯಂತ್ರಕ್ಕೆ ಹಾಕಿದ್ದನ್ನೇ ನೂರು ಯಂತ್ರಕ್ಕೂ ಹಾಕಬಹುದು. ಇದು ಆಗುವ ಮಾತೇ ಎಂದು ಅನುಮಾನಿಸುವವರು ನಮ್ಮ ನೆರೆಯ ಕೇರಳವನ್ನು ನೋಡಬಹುದು. ಅಲ್ಲಿನ ಸರ್ಕಾರಿ ಶಾಲೆಗಳ ಮಕ್ಕಳು 2000ರ ದಶಕದಿಂದಲೂ ಮುಕ್ತ ತಂತ್ರಾಂಶದಲ್ಲೇ ಕಂಪ್ಯೂಟರ್ ಪಾಠ ಕಲಿಯುತ್ತಿದ್ದಾರೆ.

ಮನೆಯ ಅಭ್ಯಾಸ

ಮಕ್ಕಳೂ ದೊಡ್ಡವರೂ ಒಟ್ಟಿಗೆ ಕುಳಿತು ಉತ್ತರಿಸಿ.

1. ಇಂದು ಅಂತರ್ಜಾಲ ಸಂಪರ್ಕ ಕಡಿದುಹೋದರೆ ನಮ್ಮ ಮನೆಯ ಎಷ್ಟು ಫೋಟೋಗಳನ್ನು ನಾವು ನೋಡಬಲ್ಲೆವು?

2. ಅಜ್ಜ ಬರೆದ ಕನ್ನಡ ಕಡತದಿಂದ ಒಂದು ಸಾಲನ್ನು ನಕಲು ಮಾಡಿ ಫೋನಿನ ಸಂದೇಶದಲ್ಲಿ ಅಂಟಿಸಿದರೆ ಕನ್ನಡವಾಗಿ ಕಾಣುತ್ತದೆಯೇ?

3. ಪ್ರತಿ ತಿಂಗಳು ನಾವು ಬಾಡಿಗೆ ಕಟ್ಟುತ್ತಿರುವ ತಂತ್ರಾಂಶಗಳು ಯಾವುವು? ಕಟ್ಟುವುದು ನಿಲ್ಲಿಸಿದರೆ ನಮ್ಮ ಕಡತಗಳ ಗತಿಯೇನು?

4. ಅಪ್ಪ ಅಥವಾ ಅಮ್ಮನ ಫೋನು ಕಳೆದರೆ ಮನೆಯ ಮುಖ್ಯ ಕಾಗದಗಳಿಗೆ ಇನ್ನೊಬ್ಬರು ದಾರಿ ಕಂಡುಕೊಳ್ಳಬಲ್ಲರೇ?

5. ಹತ್ತು ವರ್ಷದ ನಂತರ ಬೇರೆ ಊರಿನಲ್ಲಿ, ಬೇರೆ ಯಂತ್ರದಲ್ಲಿ ಇವೆಲ್ಲ ತೆರೆದುಕೊಳ್ಳುತ್ತವೆಯೇ?

ಐದಕ್ಕೂ ಧೈರ್ಯವಾಗಿ ಉತ್ತರ ಬಂದರೆ ನಿಮ್ಮ ಮನೆ ಸ್ವತಂತ್ರ, ಯಾವ ಕಂಪನಿಯ ಯಂತ್ರವಿದ್ದರೂ ಸರಿ. ಒಂದೆರಡಕ್ಕೆ ತಡವರಿಸಿದರೆ ಅಲ್ಲಿಂದಲೇ ಕೆಲಸ ಶುರು ಮಾಡಿ. ಪರದೇಶಕ್ಕೆ ಬರುವಾಗ ನಾವು ತಂದದ್ದು ಎರಡು ಪೆಟ್ಟಿಗೆ, ಒಂದು ಭಾಷೆ. ಆ ಭಾಷೆಯಲ್ಲಿ ಬರೆದದ್ದನ್ನು ನಮ್ಮ ಮೊಮ್ಮಕ್ಕಳು ಯಾರ ಅಪ್ಪಣೆಯೂ ಇಲ್ಲದೆ ತೆರೆದು ಓದುವಂತಾಗಲಿ.